ಶಾನುಭೋಗ: ಊರಿನ ಲೆಕ್ಕ ಹಿಡಿದ ಹುದ್ದೆಯ ಕಥೆ

ಶಾನುಭೋಗ ಎಂದರೆ ಊರಿನ ಲೆಕ್ಕ ಬರೆಯುವ ಅಧಿಕಾರಿ. ಯಾವ ಹೊಲ ಯಾರ ಹೆಸರಿನಲ್ಲಿದೆ, ಅದಕ್ಕೆ ಎಷ್ಟು ಕಂದಾಯ, ಈ ವರ್ಷ ಏನು ಬೆಳೆ, ಕೆರೆಯ ಕೆಳಗಿನ ಗದ್ದೆಗೆ ನೀರು ಹರಿದಿದೆಯೋ ಇಲ್ಲವೋ, ಯಾರು ಬಾಕಿ ಕಟ್ಟಿದ್ದಾರೆ, ಯಾರು ಕಟ್ಟಿಲ್ಲ ಎಂಬುದೆಲ್ಲ ಅವನ ಪುಸ್ತಕದಲ್ಲಿರುತ್ತಿತ್ತು. ಹಳೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪಟೇಲನ ಜೊತೆಜೊತೆಗೆ ಕೇಳಿಬರುತ್ತಿದ್ದ ಹೆಸರು ಇದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಊರುಗಳಲ್ಲಿ ಹುದ್ದೆ ಹೋಗಿ ಅರವತ್ತು ವರ್ಷ ಕಳೆದರೂ ‘ಶಾನುಭೋಗರ ಮನೆ’, ‘ಶಾನುಭೋಗರ ಹೊಲ’ ಎಂಬ ಮಾತು ಇನ್ನೂ ಉಳಿದಿದೆ. ಶಾಸನಗಳ ಕಾಲದಿಂದ 1963ರವರೆಗೆ ನಡೆದುಬಂದ ಈ ಹುದ್ದೆಯ ಚರಿತ್ರೆ, ಬರವಣಿಗೆ ಯಾರ ಕೈಯಲ್ಲಿತ್ತು ಎಂಬುದರ ಚರಿತ್ರೆಯೂ ಹೌದು. ಭೂಮಿ ಉತ್ತವನು ಒಬ್ಬ, ಅದರ ಲೆಕ್ಕ ಬಲ್ಲವನು ಇನ್ನೊಬ್ಬ ಎಂಬ ಸ್ಥಿತಿಯೇ ಈ ಹುದ್ದೆಗೆ ಬಲ ಕೊಟ್ಟಿತು. ಆ ಸ್ಥಿತಿ ಬದಲಾದಾಗ ಹುದ್ದೆಯೂ ಮುಗಿಯಿತು.

ಸೇನಬೋವನಿಂದ ಶಾನುಭೋಗ

ಕನ್ನಡ ಶಾಸನಗಳಲ್ಲಿ ಈ ಹೆಸರಿನ ಹಳೆಯ ರೂಪ ‘ಸೇನಬೋವ’. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ಶಾಸನಗಳಲ್ಲಿ ಅದು ಮತ್ತೆ ಮತ್ತೆ ಸಿಗುತ್ತದೆ. ದಾನ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆ, ಸಾಕ್ಷಿಗಳು ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ಇಂಥ ಸೇನಬೋವ ಇದನ್ನು ಬರೆದ ಎಂಬ ಮಾತು ಬರುತ್ತದೆ. ಹೀಗೆ ಈ ಹೆಸರು ಮೊದಲಿಗೆ ಕಾಣಿಸುವುದೇ ಬರಹಗಾರನಾಗಿ. ಆದರೆ ಆತ ಕೇವಲ ಅಕ್ಷರ ಬಲ್ಲವನಲ್ಲ. ಭೂಮಿಯ ಅಳತೆ, ತೆರಿಗೆಯ ಬಾಬು, ಹಳೆಯ ದತ್ತಿಗಳ ವಿವರ ತಿಳಿದವನು ಬರೆದರೆ ಮಾತ್ರ ದಾನಪತ್ರಕ್ಕೆ ಬೆಲೆ. ಪದ್ಯ ಕಟ್ಟಬಲ್ಲ ಸೇನಬೋವರೂ ಇದ್ದರು. ಶಾಸನದ ಗದ್ಯಭಾಗದ ಜೊತೆಗೆ ಅದರ ಪದ್ಯಗಳನ್ನೂ ಅವರೇ ರಚಿಸಿದ್ದುಂಟು.

ಆ ಕಾಲದಲ್ಲಿ ಸೇನಬೋವ ಊರಿಗಷ್ಟೇ ಸೇರಿದವನಾಗಿರಲಿಲ್ಲ. ಊರಿನ ಸೇನಬೋವ ಇದ್ದಂತೆ ಹಲವು ಊರು ಸೇರಿದ ನಾಡಿಗೆ ‘ನಾಡ ಸೇನಬೋವ’ ಇದ್ದ. ಅರಮನೆಯ ಮಟ್ಟದಲ್ಲಿ ಲೆಕ್ಕಪತ್ರದ ಕಚೇರಿಗೆ ‘ಶ್ರೀಕರಣ’ ಎಂಬ ಹೆಸರಿತ್ತು. ಅಲ್ಲಿನ ಅಧಿಕಾರಿಗಳನ್ನು ಕರಣ, ಕರಣಿಕ ಎಂದು ಕರೆಯುತ್ತಿದ್ದರು. ಒಟ್ಟಿನಲ್ಲಿ ರಾಜ್ಯದಿಂದ ಹಳ್ಳಿಯವರೆಗೆ ಬರಹಗಾರರ ಒಂದು ಸಾಲೇ ಇತ್ತು. ಕಾಲ ಕಳೆದಂತೆ ಮೇಲಿನ ಹುದ್ದೆಗಳ ಹೆಸರು ರಾಜ್ಯ ಬದಲಾದಾಗಲೆಲ್ಲ ಬದಲಾಯಿತು. ಸೇನಬೋವನ ಹೆಸರು ಮಾತ್ರ ಹಳ್ಳಿಯಲ್ಲಿ ನೆಲೆ ನಿಂತಿತು.

ಹೆಸರಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೊದಲ ಭಾಗವನ್ನು ‘ಸೇನೆ’ಯೊಂದಿಗೆ ಜೋಡಿಸುವ ವಿವರಣೆ ಇದೆ, ಆದರೆ ಶಾಸನಗಳಲ್ಲಿ ಕಾಣುವ ಸೇನಬೋವನ ಕೆಲಸಕ್ಕೂ ಯುದ್ಧಕ್ಕೂ ನೇರ ಸಂಬಂಧ ಕಾಣುವುದಿಲ್ಲ. ರೂಪ ಬದಲಾದ ದಾರಿ ಮಾತ್ರ ಸ್ಪಷ್ಟವಾಗಿದೆ. ಸಕಾರ ಶಕಾರವಾಯಿತು, ‘ಬೋವ’ ಎಂಬುದು ‘ಭೋಗ’ವಾಗಿ ಸಂಸ್ಕೃತದ ಉಡುಗೆ ತೊಟ್ಟಿತು. ಹುದ್ದೆಗೆ ಮಾನ್ಯದ ಭೂಮಿ ಅಂಟಿಕೊಂಡು ಅದನ್ನು ಅನುಭೋಗಿಸುವ ಹಕ್ಕು ವಂಶಕ್ಕೆ ಬಂದ ಮೇಲೆ, ‘ಭೋಗ’ ಎಂಬ ಹೊಸ ರೂಪಕ್ಕೆ ಜನರ ಕಿವಿಯಲ್ಲಿ ಹೊಸ ಅರ್ಥವೂ ಹುಟ್ಟಿದ್ದರೆ ಅಚ್ಚರಿಯಿಲ್ಲ. ಕರಾವಳಿಯಲ್ಲಿ ಅದೇ ಹೆಸರು ‘ಶಾನಭಾಗ’ ಎಂದಾಯಿತು. ಇಂಗ್ಲಿಷರ ದಾಖಲೆಗಳಲ್ಲಿ ಅದಕ್ಕೆ ಹಲವು ಬಗೆಯ ಕಾಗುಣಿತಗಳಿವೆ.

ಮೂಡಣ ಬಾಗಿಲಿನ ನಾಡು

ಕೋಲಾರ ಸೀಮೆಯಲ್ಲಿ ಲೆಕ್ಕದವನ ಹುದ್ದೆ ಬೆಳೆದ ಬಗೆ ತಿಳಿಯಲು ಈ ನೆಲದ ರಾಜಕೀಯವನ್ನು ಸ್ವಲ್ಪ ನೋಡಬೇಕು. ಗಂಗರ ಮೊದಲ ರಾಜಧಾನಿ ಕೋಲಾರ. ತಲಕಾಡಿಗೆ ಹೋದ ಮೇಲೂ ಅವರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಬಂದರು, ಈ ಪ್ರದೇಶಕ್ಕೆ ನಿಕರಿಲಿಚೋಳಮಂಡಲವೆಂಬ ಹೆಸರು ಬಂತು. ಕೋಲಾರಮ್ಮನ ಗುಡಿಯೂ ಸೇರಿದಂತೆ ಸುತ್ತಲಿನ ಅನೇಕ ಊರುಗಳಲ್ಲಿ ತಮಿಳು ಶಾಸನಗಳು ಕೆತ್ತಲ್ಪಟ್ಟವು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಹಿಮ್ಮೆಟ್ಟಿಸಿದಾಗ ಅವನ ರಾಜ್ಯದ ಮೂಡಣ ಎಲ್ಲೆಯೆಂದು ಶಾಸನಗಳು ಹೇಳಿದ್ದು ಇಂದಿನ ಮುಳಬಾಗಿಲು ತಾಲ್ಲೂಕಿನ ನಂಗಲಿಯನ್ನು. ವಿಜಯನಗರದ ಕಾಲಕ್ಕೆ ಮುಳಬಾಗಿಲು ಒಂದು ರಾಜ್ಯದ, ಅಂದರೆ ಪ್ರಾಂತದ, ಮುಖ್ಯ ಪಟ್ಟಣವಾಯಿತು. ಬುಕ್ಕರಾಯನ ಮಗ ಕುಮಾರ ಕಂಪಣ ಅಲ್ಲಿಂದ ಆಳಿದ. ಮುಂದೆ ಲಕ್ಕಣ್ಣ ದಂಡನಾಯಕ ಅಲ್ಲಿ ಅಧಿಕಾರ ನಡೆಸಿದ. ಈ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಕನ್ನಡ, ತಮಿಳು, ತೆಲುಗು ಮೂರೂ ಅದರಲ್ಲಿವೆ.

ಮೂರು ಭಾಷೆ ಕೂಡುವ ಈ ಗಡಿಯಲ್ಲಿ ಒಂದೇ ಕೆಲಸಕ್ಕೆ ಮೂರು ಹೆಸರು ಓಡಾಡಿದವು. ತಮಿಳಿನವರಿಗೆ ಅವನು ಕಣಕ್ಕನ್ ಅಥವಾ ಕಣಕ್ಕುಪಿಳ್ಳೈ, ತೆಲುಗಿನವರಿಗೆ ಕರಣಂ. ಶ್ರೀನಿವಾಸಪುರ, ಮುಳಬಾಗಿಲಿನ ತೆಲುಗು ಮಾತಿನ ಮನೆಗಳಲ್ಲಿ ಕರಣಂ ಎನ್ನುವುದೂ ಕಚೇರಿಯ ಕಾಗದದಲ್ಲಿ ಶಾನುಭೋಗ ಎನ್ನುವುದೂ ಒಬ್ಬನನ್ನೇ. ಕರ್ನಾಟಕದ ಉಳಿದ ಭಾಗಗಳಲ್ಲೂ ಇದೇ ಬಗೆ: ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಕುಲಕರ್ಣಿ, ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳಲ್ಲಿ ಪಟವಾರಿ.

ಹದಿನೇಳನೆಯ ಶತಮಾನದಲ್ಲಿ ವಿಜಯಪುರದ ಸೈನ್ಯ ಈ ಸೀಮೆಯನ್ನು ಗೆದ್ದಿತು. ಕೋಲಾರವು ಬೆಂಗಳೂರು, ಹೊಸಕೋಟೆಗಳೊಡನೆ ಶಹಾಜಿಯ ಜಹಗೀರಿಗೆ ಸೇರಿತು. 1687ರಲ್ಲಿ ಮೊಗಲರು ಸಿರಾ ಸುಬೆಯನ್ನು ರಚಿಸಿದಾಗ ಅದರ ಏಳು ಪರಗಣೆಗಳಲ್ಲಿ ಕೋಲಾರವೂ ಒಂದಾಯಿತು. ಸಿರಾ ಸುಬೇದಾರನ ಕೈಕೆಳಗೆ ಕೋಲಾರದ ಫೌಜದಾರನಾಗಿದ್ದ ಫತೇ ಮಹಮ್ಮದನ ಮಗನೇ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಲಿ. ಈ ಆಳ್ವಿಕೆಗಳ ಜೊತೆ ಮರಾಠಿ ಮತ್ತು ಫಾರ್ಸಿ ಮಾತುಗಳು ಕಂದಾಯದ ಕಚೇರಿಯನ್ನು ತುಂಬಿದವು. ಅಮಲ್ದಾರ, ಶಿರಸ್ತೇದಾರ, ಶೇಕದಾರ, ಗುಮಾಸ್ತ ಎಂಬ ಹುದ್ದೆಗಳು ಬಂದವು. ಜಮಾಬಂದಿ, ದಸ್ತರ, ಪಹಣಿ, ಹುಜೂರು ಎಂಬ ಮಾತುಗಳು ಬಂದವು. ಹೈದರನ ಕಾಲದಲ್ಲಿ ಸರ್ಕಾರದ ಲೆಕ್ಕಗಳನ್ನು ಕನ್ನಡ, ಮರಾಠಿ, ಫಾರ್ಸಿ ಮೂರರಲ್ಲೂ ಇಡುತ್ತಿದ್ದರು.

ಇಷ್ಟೆಲ್ಲ ಬದಲಾದರೂ ಹಳ್ಳಿಯ ತಳದಲ್ಲಿ ಶಾನುಭೋಗ ಶಾನುಭೋಗನಾಗಿಯೇ ಉಳಿದ. ಇದಕ್ಕೆ ಕಾರಣ ಸರಳ. ಹೊಸ ದೊರೆ ಬಂದಾಗ ಅವನಿಗೆ ಮೊದಲು ಬೇಕಾದದ್ದು ಊರಿನ ಲೆಕ್ಕ. ಹಳೆಯ ಲೆಕ್ಕ ಇದ್ದದ್ದು ಶಾನುಭೋಗನ ಮನೆಯಲ್ಲಿ. ಕೋಟೆ ಗೆದ್ದವನು ಕಿಲ್ಲೇದಾರನನ್ನು ಬದಲಿಸಬಹುದು. ಲೆಕ್ಕ ಬಲ್ಲವನನ್ನು ಬದಲಿಸಿದರೆ ಕಂದಾಯವೇ ಕೈತಪ್ಪುತ್ತಿತ್ತು.

ಹನ್ನೆರಡು ಆಯಗಾರರು

ಹಳ್ಳಿಯ ಆಡಳಿತಕ್ಕೆ ಹನ್ನೆರಡು ಮಂದಿ ಎಂಬುದು ಹಳೆಯ ಲೆಕ್ಕ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಲು ತೊಡಗಿದ ತನ್ನ ಚರಿತ್ರೆಯ ಗ್ರಂಥದಲ್ಲಿ ಈ ಹನ್ನೆರಡು ಮಂದಿಯ ಪಟ್ಟಿ ಕೊಟ್ಟಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿ ಈ ವ್ಯವಸ್ಥೆಗೆ ಸೇರಿದವರು. ಊರಿಂದ ಊರಿಗೆ ಒಬ್ಬಿಬ್ಬರು ಹೆಚ್ಚು ಕಡಿಮೆ ಆಗುತ್ತಿದ್ದರು. ಹನ್ನೆರಡು ಎಂಬ ಸಂಖ್ಯೆ ಮಾತ್ರ ರೂಢಿಯಾಗಿ ನಿಂತಿತ್ತು. ಇವರಿಗೆ ಆಯಗಾರರು ಎಂದು ಹೆಸರು. ಸುಗ್ಗಿಯ ಕಣದಲ್ಲಿ ರಾಶಿ ಅಳೆಯುವಾಗ ಅದರಿಂದ ಇಷ್ಟಿಷ್ಟು ಎಂದು ಸಿಗುತ್ತಿದ್ದ ಪಾಲೇ ‘ಆಯ’. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಸರ್ಕಾರ ಮತ್ತು ರೈತ ರಾಶಿಯನ್ನು ಹಂಚಿಕೊಳ್ಳುವ ಮೊದಲು ಊರಿನ ಆಯಗಾರರಿಗೆ ಹೋಗುತ್ತಿದ್ದ ಪಾಲನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಆಯದ ಜೊತೆಗೆ ಮಾನ್ಯದ ಭೂಮಿಯೂ ಇರುತ್ತಿತ್ತು. ಪೂರ್ತಿ ಕಂದಾಯವಿಲ್ಲದ, ಅಥವಾ ಜೋಡಿ ಎಂಬ ಕಡಿಮೆ ಕಂದಾಯದ ಈ ಇನಾಮು ಜಮೀನು ಹುದ್ದೆಗೆ ಸೇರಿದ್ದು. ಹುದ್ದೆ ಇರುವವರೆಗೆ ಅದರ ಅನುಭವ. ಬ್ರಿಟಿಷ್ ಕಮಿಷನರರ ಕಾಲದಲ್ಲಿ ಹಳೆಯ ಆಯ ಮತ್ತು ಇನಾಮುಗಳ ಜೊತೆಗೆ, ಕೆಲವು ಕಡೆ ಅವುಗಳ ಬದಲಿಗೆ, ನಗದು ಸಂಭಾವನೆ ಬಂತು. ಅದನ್ನು ಮೈಸೂರಿನಲ್ಲಿ ಪೋಟಗಿ ಎನ್ನುತ್ತಿದ್ದರು.

ಹನ್ನೆರಡು ಮಂದಿಯಲ್ಲಿ ಗೌಡ ಮತ್ತು ಶಾನುಭೋಗ ಇಬ್ಬರದೂ ಮೇಲಿನ ಸ್ಥಾನ. ಗೌಡನೇ ಪಟೇಲ. ಕಂದಾಯ ವಸೂಲು, ಊರಿನ ಶಾಂತಿ, ನ್ಯಾಯ ಪಂಚಾಯಿತಿ ಪಟೇಲನ ಹೊಣೆ. ಲೆಕ್ಕ, ಪತ್ರ, ರಸೀತಿ ಶಾನುಭೋಗನ ಹೊಣೆ. ಹಣ ಮುಟ್ಟುವವನು ಬರೆಯುವಂತಿಲ್ಲ, ಬರೆಯುವವನು ಹಣ ಇಟ್ಟುಕೊಳ್ಳುವಂತಿಲ್ಲ ಎಂಬ ಈ ಹಂಚಿಕೆ ಒಬ್ಬರ ಮೇಲೊಬ್ಬರು ಕಣ್ಣಿಡಲಿ ಎಂದು ಆದದ್ದು. ಇಬ್ಬರೂ ಹೊಂದಿಕೊಂಡು ನಡೆದ ಊರಿನಲ್ಲಿ ಲೆಕ್ಕ ಸುಗಮ. ಇಬ್ಬರೂ ಜಗಳವಾಡಿದ ಊರಿನಲ್ಲಿ ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿಗಳ ಮಳೆ. ಇಬ್ಬರೂ ಒಳಗೊಳಗೆ ಒಂದಾದ ಊರಿನಲ್ಲಿ ರೈತನಿಗೆ ದಿಕ್ಕಿಲ್ಲ.

ಈ ಪಟ್ಟಿಯ ಇನ್ನೊಂದು ತುದಿಯಲ್ಲಿ ತೋಟಿ, ತಳವಾರ, ನೀರಗಂಟಿಯರಿದ್ದರು. ಕಾವಲು, ಟಪ್ಪಾಲು, ಊರಿನ ಎಲ್ಲೆ ತೋರಿಸುವುದು, ಕೆರೆಯ ತೂಬು ತೆರೆದು ಗದ್ದೆಗೆ ನೀರು ಹಾಯಿಸುವುದು ಅವರ ಕೆಲಸ. ಕೆರೆಗಳನ್ನೇ ನಂಬಿದ ಕೋಲಾರದಲ್ಲಿ ನೀರಗಂಟಿಯ ತಿಳಿವಳಿಕೆ ಯಾರಿಗೂ ಕಡಿಮೆಯದಲ್ಲ. ಈ ಕೆಲಸಗಳನ್ನು ಬಹುಮಟ್ಟಿಗೆ ದಲಿತ ಕುಟುಂಬಗಳು ಮಾಡುತ್ತಿದ್ದವು. ಶಾನುಭೋಗಿಕೆ ಬಹುಮಟ್ಟಿಗೆ ಬ್ರಾಹ್ಮಣ ಕುಟುಂಬಗಳಲ್ಲಿತ್ತು. ಹೊಲದ ಎಲ್ಲೆಯನ್ನು ಹೆಜ್ಜೆಯಿಂದ ಬಲ್ಲವನು ತೋಟಿ. ಅದೇ ಎಲ್ಲೆಯನ್ನು ಅಕ್ಷರದಲ್ಲಿ ಇಟ್ಟವನು ಶಾನುಭೋಗ. ಸರ್ಕಾರ ನಂಬಿದ್ದು ಅಕ್ಷರವನ್ನು.

ಕಡತ ಮತ್ತು ಬಳಪ

ಶಾನುಭೋಗ ಬರೆಯುತ್ತಿದ್ದ ಹಳೆಯ ಸಾಧನ ಕಡತ. ಅದು ಕಾಗದವಲ್ಲ, ಬಟ್ಟೆ. ವಿಲ್ಕ್ಸ್ ಕೊಟ್ಟಿರುವ ಅಳತೆಯಂತೆ ಎಂಟು ಇಂಚಿನಿಂದ ಒಂದಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಗೆ ಎರಡೂ ಕಡೆ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸುತ್ತಿದ್ದರು. ಸರಿಗೆ ಹುಣಿಸೆಬೀಜದ ಅಂಟು ಬಳಸುವುದು ರೂಢಿ. ಬಟ್ಟೆ ಗಡುಸಾಗಿ ಕಪ್ಪಗಾದ ಮೇಲೆ ಕತ್ತರಿಸದೆ, ಒಂದೇ ಅಳತೆಯ ಮಡಿಕೆಗಳಾಗಿ ಮಡಿಸುತ್ತಿದ್ದರು. ಎರಡು ತುದಿಗೂ ಬಣ್ಣ ಹಚ್ಚಿದ ಮರದ ಹಲಗೆ. ಬಿಚ್ಚಿದರೆ ಉದ್ದದ ಪಟ್ಟಿ, ಮಡಿಸಿದರೆ ಪುಸ್ತಕ. ಅದರ ಮೇಲೆ ಬಳಪದ ಕಲ್ಲಿನಿಂದ ಬರೆದರೆ ಬಿಳಿಯ ಅಕ್ಷರ ಎದ್ದು ಕಾಣುತ್ತಿತ್ತು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಚೆನ್ನಾಗಿ ಇಟ್ಟರೆ ಕಡತ ತಲೆಮಾರುಗಟ್ಟಲೆ ಬಾಳುತ್ತಿತ್ತು. ಒರೆಸಿ ಬರೆಯುವ ಅನುಕೂಲವೇ ಲೆಕ್ಕ ತಿದ್ದುವ ಅನುಕೂಲವೂ ಆಗಿತ್ತೆಂಬುದನ್ನು ಮರೆಯುವಂತಿಲ್ಲ. ಇಂದು ಸರ್ಕಾರಿ ಕನ್ನಡದಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಆ ಮಾತು ಶಾನುಭೋಗನ ಗಂಟಿನಿಂದ ಬಂದದ್ದು.

ಕಡತದಲ್ಲಿ ಕಂದಾಯವಷ್ಟೇ ಇರುತ್ತಿರಲಿಲ್ಲ. ಊರು ಯಾವಾಗ ಕಟ್ಟಿದ್ದು, ಕೆರೆ ಯಾರು ಕಟ್ಟಿಸಿದರು, ಯಾವ ಪಾಳೆಯಗಾರನಿಗೆ ಎಷ್ಟು ಕೊಟ್ಟರು, ಯಾವ ವರ್ಷ ಬರ ಬಿತ್ತು ಎಂಬ ಸಂಗತಿಗಳೂ ಸೇರುತ್ತಿದ್ದವು. ಇಂಥ ಬರಹಗಳಿಗೆ ಕವಿಲೆ, ಕೈಫಿಯತ್ತು ಎಂಬ ಹೆಸರುಗಳಿವೆ. 1799ರ ನಂತರ ಮೈಸೂರಿನ ಭೂಮಾಪನ ನಡೆಸಿದ ಕಾಲಿನ್ ಮೆಕೆಂಜಿಯ ಸಹಾಯಕರು ಊರೂರು ಸುತ್ತಿ ಚರಿತ್ರೆ ಸಂಗ್ರಹಿಸಿದಾಗ ಶಾನುಭೋಗರ ಮತ್ತು ಕರಣಂಗಳ ಕೈಬರಹಗಳೇ ಅವರಿಗೆ ಮುಖ್ಯ ಆಧಾರವಾದವು. ದಕ್ಷಿಣ ಭಾರತದ ಸ್ಥಳೀಯ ಚರಿತ್ರೆಯ ದೊಡ್ಡ ಭಾಗ ಹೀಗೆ ಉಳಿಯಿತು.

ಈ ಬರಹ ಓದುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಕೈಯೆತ್ತದೆ ಕೂಡಿಸಿ ಬರೆಯುವ ಮೋಡಿ ಅಕ್ಷರ ಒಂದು ತೊಡಕು. ಲೆಕ್ಕದ ಭಿನ್ನರಾಶಿಗಳು ಇನ್ನೊಂದು ತೊಡಕು. ಕಾಲು ಭಾಗಕ್ಕೆ ಹಾಗ, ಹದಿನಾರನೆಯ ಒಂದು ಭಾಗಕ್ಕೆ ವೀಸ, ಅರವತ್ತನಾಲ್ಕನೆಯ ಒಂದು ಭಾಗಕ್ಕೆ ಕಾಣಿ. ಪ್ರತಿಯೊಂದಕ್ಕೂ ಬೇರೆ ಗುರುತು. ಭೂಮಿಯನ್ನು ಬಿತ್ತನೆಯ ಬೀಜದ ಅಳತೆಯಿಂದ ಗುರುತಿಸುತ್ತಿದ್ದರು: ಇಪ್ಪತ್ತು ಕೊಳಗ ಸೇರಿದರೆ ಒಂದು ಕಂಡುಗ, ಅಷ್ಟು ಬೀಜ ಹಿಡಿಯುವ ನೆಲ ಕಂಡುಗದ ಭೂಮಿ. ನೆಲದ ಗುಣ ಬದಲಾದರೆ ಕಂಡುಗದ ಭೂಮಿಯ ವಿಸ್ತಾರವೂ ಬದಲಾಗುತ್ತಿತ್ತು. ಇವೆಲ್ಲವನ್ನೂ ಬಾಯಿಲೆಕ್ಕದಲ್ಲಿ ಹಾಕಬಲ್ಲ ಜಾಣ್ಮೆ ಶಾನುಭೋಗನ ಮನೆಯ ಹುಡುಗರಿಗೆ ಮಗ್ಗಿಯ ಜೊತೆಯಲ್ಲೇ ಬರುತ್ತಿತ್ತು. ವಿದ್ಯೆ ಮನೆಯೊಳಗೇ ಉಳಿದದ್ದರಿಂದ ಹುದ್ದೆಯೂ ಮನೆಯೊಳಗೇ ಉಳಿಯಿತು.

ಸರಪಳಿ ಅಳತೆ ಬಂದ ಮೇಲೆ

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು. 1860ರ ದಶಕದಲ್ಲಿ ಬೌರಿಂಗ್ ಕಮಿಷನರಾಗಿದ್ದಾಗ ಜಿಲ್ಲೆಗಳ ಪುನರ್ರಚನೆ ನಡೆದು ಕೋಲಾರವು ನಂದಿದುರ್ಗ ವಿಭಾಗದ ಜಿಲ್ಲೆಯಾಯಿತು. 1863ರಲ್ಲಿ ಮುಂಬಯಿ ಪದ್ಧತಿಯ ಕಂದಾಯ ಸರ್ವೆ ಆರಂಭವಾಯಿತು. 33 ಅಡಿಯ ಸರಪಳಿ ಹಿಡಿದು ನೆಲವನ್ನು ಅಳೆದರು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಪ್ರತಿ ಹೊಲಕ್ಕೂ ಸರ್ವೆ ನಂಬರು, ಎಲ್ಲೆಗೆ ಕಲ್ಲು, ಊರಿಗೆ ನಕ್ಷೆ ಬಂದವು. ಖುಷ್ಕಿ ಅಂದರೆ ಮಳೆಯ ಹೊಲ, ತರಿ ಅಂದರೆ ನೀರಿನ ಗದ್ದೆ, ಬಾಗಾಯ್ತು ಅಂದರೆ ತೋಟ ಎಂದು ನೆಲ ವರ್ಗವಾಗಿ, ಮಣ್ಣಿನ ಗುಣ ನೋಡಿ ದರ ಕಟ್ಟಿದರು. 1888ರ ಮೈಸೂರು ಭೂಕಂದಾಯ ಸಂಹಿತೆ ಇದಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು.

ಇಲ್ಲಿಂದ ಶಾನುಭೋಗನ ಕೆಲಸದ ಸ್ವರೂಪ ಬದಲಾಯಿತು. ಹಿಂದೆ ಊರಿನ ಲೆಕ್ಕ ಅವನ ತಲೆಯಲ್ಲಿ ಮತ್ತು ಅವನ ಕಡತದಲ್ಲಿ ಮಾತ್ರ ಇತ್ತು. ಈಗ ಮೂಲ ದಾಖಲೆ ಸರ್ವೆ ಕಚೇರಿಯಲ್ಲಿ, ಅದರ ಪ್ರತಿ ತಾಲ್ಲೂಕು ಕಚೇರಿಯಲ್ಲಿ, ದಿನದಿನದ ಲೆಕ್ಕ ಮಾತ್ರ ಅವನಲ್ಲಿ. ಬಟ್ಟೆಯ ಕಡತ ಹೋಗಿ ಕಾಗದದ ರಿಜಿಸ್ಟರುಗಳು ಬಂದವು. ಪ್ರತಿದಿನದ ವಸೂಲಿಗೆ ಖಿರ್ದಿ, ರೈತವಾರು ಬಾಕಿಗೆ ಖಾತೆ, ರೈತನ ಕೈಯಲ್ಲಿಡಲು ಪಟ್ಟಾ ಪುಸ್ತಕ, ಬೆಳೆಯ ವಿವರಕ್ಕೆ ಪಹಣಿ. ಬೆಳೆ ನಿಂತಾಗ ಹೊಲ ಹೊಲಕ್ಕೆ ಹೋಗಿ ನೋಡಿ ಬರೆಯುವುದು ಪಹಣಿಯ ನಿಯಮ. ವರ್ಷಕ್ಕೊಮ್ಮೆ ಜಮಾಬಂದಿ, ಅಂದು ಮೇಲಿನ ಅಧಿಕಾರಿಯ ಎದುರು ಶಾನುಭೋಗರೆಲ್ಲ ಪುಸ್ತಕದ ಗಂಟು ಹೊತ್ತು ಬಂದು ಲೆಕ್ಕ ಒಪ್ಪಿಸಬೇಕು. ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸಿವಿಲ್ ಸರ್ವಿಸ್ ಸೇರಿ 1943ರವರೆಗೆ ಅಧಿಕಾರಿಯಾಗಿದ್ದರು. ಅವರಂಥ ಅಧಿಕಾರಿಗಳು ಹಳ್ಳಿಯನ್ನು ಮೊದಲು ತಿಳಿಯುತ್ತಿದ್ದದ್ದು ಪಟೇಲ-ಶಾನುಭೋಗರ ಮೂಲಕವೇ.

ಕೆರೆಯ ನಾಡಿನಲ್ಲಿ ಶಾನುಭೋಗನ ಒಂದು ಸಾಲಿಗೆ ವಿಶೇಷ ಬೆಲೆಯಿತ್ತು. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಭತ್ತ. ತುಂಬದ ವರ್ಷ ಅದೇ ಗದ್ದೆ ಬೀಳು. ನೀರು ಬಂದಿಲ್ಲ, ಬೆಳೆ ಆಗಿಲ್ಲ ಎಂದು ಅವನು ಬರೆದರೆ ತರಿ ಕಂದಾಯದಲ್ಲಿ ರಿಯಾಯಿತಿ ಕೇಳಲು ರೈತನಿಗೆ ಆಧಾರ ಸಿಗುತ್ತಿತ್ತು. ಬೆಳೆ ಆಗಿದೆ ಎಂದು ಬರೆದರೆ ಇಲ್ಲದ ಬೆಳೆಗೆ ಕಂದಾಯ. ಗೇಣಿದಾರ ಯಾರು ಎಂಬ ಅಂಕಣದ ಕಥೆಯೂ ಅದೇ. ಉಳುವವನ ಹೆಸರು ಪಹಣಿಯಲ್ಲಿ ಬಂದಿದ್ದರೆ ಮುಂದೆ ಭೂಸುಧಾರಣೆಯ ಕಾಲದಲ್ಲಿ ಅವನ ಹಕ್ಕಿಗೆ ಸಾಕ್ಷಿ. ಬಾರದಿದ್ದರೆ ತಲೆಮಾರಿನ ದುಡಿಮೆಗೂ ಕಾಗದವಿಲ್ಲ. ಓದು ಬಾರದ ರೈತ ತನ್ನ ಬಗ್ಗೆ ಏನು ಬರೆದಿದೆ ಎಂದು ತಿಳಿಯಲು, ಬರೆದವನನ್ನೇ ಕೇಳಬೇಕಾಗಿತ್ತು. ನೇರ್ಪಿನ ಶಾನುಭೋಗ ಊರಿಗೆ ದೊಡ್ಡ ಆಸರೆ: ಅರ್ಜಿ ಬರೆದುಕೊಡುವವನು, ಕೋರ್ಟಿನ ನೋಟೀಸು ಓದಿ ಹೇಳುವವನು, ಹಳೆಯ ವ್ಯಾಜ್ಯ ಬಗೆಹರಿಸುವವನು ಅವನೇ. ದುರಾಸೆಯವನಾದರೆ ಅದೇ ಊರಿಗೆ ಅವನಿಗಿಂತ ದೊಡ್ಡ ಕಂಟಕವಿರಲಿಲ್ಲ. ವ್ಯವಸ್ಥೆ ಒಬ್ಬನ ಸ್ವಭಾವದ ಮೇಲೆ ಇಷ್ಟೊಂದು ನಿಂತಿದ್ದೇ ಅದರ ಮೂಲದೋಷ.

ವಂಶದ ಹಕ್ಕು

1908ರ ಮೈಸೂರು ಗ್ರಾಮಾಧಿಕಾರಿಗಳ ಕಾಯ್ದೆ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಮೊದಲಾದ ಹುದ್ದೆಗಳ ನೇಮಕ, ವಾರಸುದಾರಿಕೆ, ಶಿಸ್ತುಗಳಿಗೆ ನಿಯಮ ರೂಪಿಸಿತು. ಹುದ್ದೆ ವಂಶಪಾರಂಪರ್ಯದ್ದು ಎಂಬುದನ್ನು ಅದು ಒಪ್ಪಿಕೊಂಡಿತು. ತಂದೆ ತೀರಿಕೊಂಡರೆ ಮಗ. ವಾರಸುದಾರ ಚಿಕ್ಕವನಾದರೆ ಅವನ ಪರವಾಗಿ ಬದಲಿಯವನು. ಹುದ್ದೆ ಹೀಗೆ ಸರ್ಕಾರಿ ನೌಕರಿಯೂ ಹೌದು, ಮನೆಯ ಆಸ್ತಿಯೂ ಹೌದು ಎಂಬ ಸ್ಥಿತಿಯಲ್ಲಿ ನಿಂತಿತು. ಅಣ್ಣತಮ್ಮಂದಿರು ಭಾಗವಾಗುವಾಗ ಶಾನುಭೋಗಿಕೆಗಾಗಿ ವ್ಯಾಜ್ಯ ಹೂಡಿದ ಪ್ರಸಂಗಗಳು ಕಡಿಮೆಯಲ್ಲ.

ವಂಶದಿಂದ ಬಂದ ಹಕ್ಕಿಗೆ ಯೋಗ್ಯತೆ ಜೊತೆಯಾಗಿ ಬರಬೇಕೆಂದಿಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಈ ಸತ್ಯವನ್ನು ತುಮಕೂರು-ಹಾಸನ ಸೀಮೆಯ ಹಳ್ಳಿಯೊಂದರಲ್ಲಿ ತೋರಿಸುತ್ತದೆ. ಅಲ್ಲಿ ಶಾನುಭೋಗಿಕೆ ಗಂಡ ಚೆನ್ನಿಗರಾಯನದು. ಲೆಕ್ಕ ಬರೆದು ಮನೆ ನಡೆಸುವವಳು ಹೆಂಡತಿ ನಂಜಮ್ಮ. ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು. ಎ.ಎನ್. ಮೂರ್ತಿರಾಯರ ‘ವ್ಯಾಘ್ರಗೀತೆ’ಯ ಶಾನುಭೋಗರು ಹುಲಿಯ ಎದುರು ಖಿರ್ದಿ ಪುಸ್ತಕವನ್ನೇ ಆಯುಧ ಮಾಡಿಕೊಳ್ಳುತ್ತಾರೆ. ಅದನ್ನು ಶಾಲೆಯಲ್ಲಿ ಓದಿದ ತಲೆಮಾರಿಗೆ ಶಾನುಭೋಗನೂ ಖಿರ್ದಿಯೂ ಬೇರೆ ಬೇರೆಯಲ್ಲ. ಕನ್ನಡ ಸಾಹಿತ್ಯ ಈ ಹುದ್ದೆಯನ್ನು ಇಷ್ಟು ಹತ್ತಿರದಿಂದ ನೋಡಲು ಕಾರಣವಿದೆ: ಇಪ್ಪತ್ತನೆಯ ಶತಮಾನದ ಮೊದಲರ್ಧದ ಹಳ್ಳಿಯಲ್ಲಿ ಸರ್ಕಾರ ಎಂದರೆ ಎದುರಿಗೆ ಕಾಣುವ ಮುಖ ಅವನದೇ ಆಗಿತ್ತು.

ಹುದ್ದೆಯ ಕೊನೆ

ಸ್ವಾತಂತ್ರ್ಯದ ನಂತರ ಸಂವಿಧಾನದ 16ನೆಯ ವಿಧಿ, ಸರ್ಕಾರಿ ಹುದ್ದೆಯಲ್ಲಿ ವಂಶದ ಆಧಾರದ ಮೇಲೆ ಭೇದ ಕೂಡದು ಎಂದು ಸಾರಿತು. ಮುಂಬಯಿ ಪ್ರಾಂತದಲ್ಲಿ ಕುಲಕರ್ಣಿ ವತನಗಳನ್ನು, ಅಂದರೆ ವಂಶಪಾರಂಪರ್ಯದ ಹುದ್ದೆ-ಇನಾಮುಗಳನ್ನು, 1950ರ ಕಾಯ್ದೆಯಿಂದ ರದ್ದು ಮಾಡಲಾಯಿತು. 1960ರ ಡಿಸೆಂಬರಿನಲ್ಲಿ ಆಂಧ್ರಪ್ರದೇಶದ ಗ್ರಾಮಾಧಿಕಾರಿಯೊಬ್ಬರ ನೇಮಕದ ಪ್ರಕರಣದಲ್ಲಿ, ಗಾಜುಲ ದಶರಥ ರಾಮರಾವ್ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಗ್ರಾಮದ ಹುದ್ದೆಯೂ ರಾಜ್ಯದ ಹುದ್ದೆಯೇ. ಅದನ್ನು ಹಿಂದಿನವರ ವಂಶಕ್ಕೆ ಮಾತ್ರ ಮೀಸಲಿಡುವ, ಅಲ್ಲಿ ಜಾರಿಯಲ್ಲಿದ್ದ ಮದರಾಸು ಕಾಯ್ದೆಯ ಕಲಮು ಸಂವಿಧಾನಕ್ಕೆ ವಿರುದ್ಧ ಎಂಬುದು ಅದರ ಸಾರ.

ಮೈಸೂರು ರಾಜ್ಯದ ವಿಧಾನಮಂಡಲ 1961ರಲ್ಲಿ ಗ್ರಾಮಾಧಿಕಾರಿ ಹುದ್ದೆಗಳ ರದ್ದತಿ ಕಾಯ್ದೆ ಮಾಡಿತು. ಅದು 1963ರ ಫೆಬ್ರುವರಿ 1ರಂದು ಜಾರಿಗೆ ಬಂತು. ಅಂದಿನಿಂದ ವಂಶಪಾರಂಪರ್ಯದ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಯಾರೂ ಇಲ್ಲ. ಕಾಯ್ದೆಯನ್ನು ಹುದ್ದೆದಾರರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು; ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಗಡಿಯಾಚೆ ಇದೇ ಬದಲಾವಣೆ ತಡವಾಗಿ ಆಯಿತು: ತಮಿಳುನಾಡಿನಲ್ಲಿ 1980ರಲ್ಲಿ, ಆಂಧ್ರಪ್ರದೇಶದಲ್ಲಿ 1984ರಲ್ಲಿ. ಅಂದರೆ ಮುಳಬಾಗಿಲಿನಲ್ಲಿ ಶಾನುಭೋಗಿಕೆ ಹೋಗಿ ಇಪ್ಪತ್ತು ವರ್ಷವಾದರೂ ಪಕ್ಕದ ಚಿತ್ತೂರು ಜಿಲ್ಲೆಯಲ್ಲಿ ಕರಣಂ ಇನ್ನೂ ಇದ್ದ.

ಹುದ್ದೆಯೊಂದಿಗೆ ಬಂದಿದ್ದ ಇನಾಮು ಜಮೀನನ್ನು ಸರ್ಕಾರ ತನ್ನದಾಗಿಸಿಕೊಂಡು, ಗೊತ್ತಾದ ಹಣ ಕಟ್ಟಿಸಿಕೊಂಡು ಅದೇ ಕುಟುಂಬಕ್ಕೆ ಮರುಮಂಜೂರು ಮಾಡುವ ಅವಕಾಶ ಕಾಯ್ದೆಯಲ್ಲಿತ್ತು. ಶಾನುಭೋಗರ ಕುಟುಂಬಗಳಿಗೆ ಕಾಗದದ ವ್ಯವಹಾರ ಹೊಸದಲ್ಲ. ತೋಟಿ, ತಳವಾರ, ನೀರಗಂಟಿ ಕುಟುಂಬಗಳಿಗೆ ಹಾಗಲ್ಲ. ಅವರ ಎಷ್ಟೋ ಜಮೀನು ಮರುಮಂಜೂರಾತಿಗೆ ಮೊದಲೇ, ಇಲ್ಲವೆ ಆದ ಕೂಡಲೇ, ಬೇರೆಯವರ ಪಾಲಾಯಿತು. ಇದನ್ನು ತಡೆಯಲು 1978ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಇಂಥ ಭೂಮಿಯನ್ನು 15 ವರ್ಷ ಅನುಮತಿಯಿಲ್ಲದೆ ಪರಭಾರೆ ಮಾಡಬಾರದೆಂದು ವಿಧಿಸಲಾಯಿತು. ಬರಹದಿಂದ ದೂರವಿದ್ದವರಿಗೆ ಹುದ್ದೆಯ ಕೊನೆಯಲ್ಲೂ ನಷ್ಟವೇ ಹೆಚ್ಚು ಆಯಿತು.

ಆಮೇಲಿನ ಲೆಕ್ಕಿಗ

ಶಾನುಭೋಗನ ಜಾಗಕ್ಕೆ ಬಂದವನು ಗ್ರಾಮ ಲೆಕ್ಕಿಗ. ನೇಮಕ ಅರ್ಹತೆಯಿಂದ, ಮೀಸಲಾತಿಯ ನಿಯಮದಂತೆ, ಸಂಬಳ ಖಜಾನೆಯಿಂದ, ವರ್ಗಾವಣೆ ಉಂಟು. ಒಂದು ಊರಿನವನಲ್ಲ, ಹಲವು ಊರು ಸೇರಿದ ವೃತ್ತದವನು. ಮೇಲೆ ಕಂದಾಯ ನಿರೀಕ್ಷಕ, ಅದರ ಮೇಲೆ ಅಮಲ್ದಾರನ ಸ್ಥಾನಕ್ಕೆ ಬಂದ ತಹಶೀಲ್ದಾರ. ಹೆಂಗಸರೂ, ಹಿಂದೆ ಶಾನುಭೋಗರ ಜಗಲಿ ಹತ್ತಲಾಗದಿದ್ದ ಜಾತಿಯವರೂ ಈ ಹುದ್ದೆಗೆ ಬಂದರು. ನೂರಾರು ವರ್ಷ ಕೆಲವೇ ಮನೆಗಳಲ್ಲಿದ್ದ ಲೇಖನಿ ಹೀಗೆ ಊರಿನ ಎಲ್ಲ ಮಕ್ಕಳಿಗೂ ದೊರಕಿದ್ದು ಈ ರದ್ದತಿಯ ಅತಿ ದೊಡ್ಡ ಫಲ. ಲೆಕ್ಕಿಗ ಮುಂದೆ ಗ್ರಾಮ ಲೆಕ್ಕಾಧಿಕಾರಿಯಾಗಿ, ಈಚೆಗೆ ಗ್ರಾಮ ಆಡಳಿತ ಅಧಿಕಾರಿಯಾಗಿ ಹೆಸರು ಬದಲಿಸಿಕೊಂಡಿದ್ದಾನೆ. ಹಳ್ಳಿಯ ಹಿರಿಯರು ಮಾತ್ರ ಬಹಳ ಕಾಲ ಅವನನ್ನೂ ‘ಶಾನುಭೋಗರು’ ಎಂದೇ ಕರೆದರು.

ಎರಡನೆಯ ದೊಡ್ಡ ಬದಲಾವಣೆ ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಶುಲ್ಕ ಕಟ್ಟಿದ ಯಾರಿಗಾದರೂ ಅಚ್ಚಾದ ಪ್ರತಿ ಸಿಗತೊಡಗಿತು. ತಪ್ಪುಗಳು ಇಲ್ಲವಾಗಲಿಲ್ಲ; ಹೆಸರು ತಪ್ಪಿ ಅಲೆಯುವ ರೈತರು ಈಗಲೂ ಇದ್ದಾರೆ. ಆದರೆ ತನ್ನ ಹೊಲದ ಬಗ್ಗೆ ಏನು ಬರೆದಿದೆ ಎಂದು ನೋಡಲು ರೈತ ಯಾರ ಮನೆಯ ಬಾಗಿಲಲ್ಲೂ ಕಾಯಬೇಕಾಗಿಲ್ಲ. ಹೊಲದ ಲೆಕ್ಕ ಒಬ್ಬನ ಗುಟ್ಟಾಗಿದ್ದ ಕಾಲ ನಿಜವಾಗಿ ಮುಗಿದದ್ದು ಆಗ.

ಇಂದು ಶಾನುಭೋಗ ಎಂಬುದು ಹುದ್ದೆಯಲ್ಲ, ಹೆಸರು. ಕುಲಕರ್ಣಿ, ಶಾನಭಾಗ, ಕರಣಂ, ಪಟವಾರಿಗಳಂತೆ ಅದೂ ಮನೆತನದ ಗುರುತಾಗಿ ಉಳಿದಿದೆ. ಉಳಿದಿರುವ ಇನ್ನೊಂದು ವಸ್ತು ಆ ಮನೆಗಳ ಅಟ್ಟದಲ್ಲಿರುವ ಕಡತ ಮತ್ತು ಖಿರ್ದಿಗಳು. ಕಾನೂನಿನ ದೃಷ್ಟಿಯಲ್ಲಿ ಅವು ಸತ್ತ ಕಾಗದ. ಚರಿತ್ರೆಯ ದೃಷ್ಟಿಯಲ್ಲಿ ಹಾಗಲ್ಲ. ಯಾವ ಕೆರೆ ಯಾವ ವರ್ಷ ಕೋಡಿ ಬಿತ್ತು, ಯಾವ ಬರದಲ್ಲಿ ಎಷ್ಟು ಮನೆ ಪಾಳುಬಿದ್ದವು, ರಾಗಿಯ ಹೊಲಕ್ಕೆ ಮಲ್ಬರಿಯೂ ಮಾವೂ ಬಂದದ್ದು ಯಾವಾಗ, ಯಾರ ಭೂಮಿ ಯಾರ ಕೈಗೆ ಹೋಯಿತು ಎಂಬುದಕ್ಕೆ ಊರಿನ ಮಟ್ಟದ ಸಾಕ್ಷಿ ಬೇರೆಲ್ಲೂ ಸಿಗುವುದಿಲ್ಲ. ಗೆದ್ದಲಿಗೆ ಬಿಡದೆ ಅವನ್ನು ರಾಜ್ಯ ಪತ್ರಾಗಾರಕ್ಕೋ ಹತ್ತಿರದ ವಿಶ್ವವಿದ್ಯಾಲಯಕ್ಕೋ ಒಪ್ಪಿಸುವುದು, ಮೋಡಿ ಅಕ್ಷರ ಓದಬಲ್ಲವರು ಇರುವಾಗಲೇ ಪ್ರತಿ ಮಾಡಿಸುವುದು ತುರ್ತಿನ ಕೆಲಸ. ಒಂದು ಕಾಲಕ್ಕೆ ಶಾನುಭೋಗನೊಬ್ಬನೇ ಓದುತ್ತಿದ್ದ ಆ ಲೆಕ್ಕವನ್ನು ಊರಿನವರೆಲ್ಲ ಓದುವಂತಾಗಬೇಕು.